ನೂರು ಚುಕ್ಕಿ

ಹೇಳಿದ್ದು, ತಟ್ಟೆಯಲ್ಲಿ ಮೀನು ತಣ್ಣಗಾಗುತ್ತಿದ್ದಾಗ.
ಪೋರ್ತೊ ಊರಿನ ಇಳಿಜಾರು, ದೋರು ಹೊಳೆಗೆ ಬೆನ್ನು ಹಾಕಿ ಕೂತ ಖಾನಾವಳಿ,
ಮೇಜಿನ ಮೇಲೆ ಬಟ್ಟೆಯಲ್ಲ, ಕಾಗದ.
ನನ್ನ ಕೈ ಅವನ ಕೈಯಲ್ಲಿತ್ತು. ಅವನು ಬಿಡುವ ಮುಂಚೆ
ನಾನೇ ಬಿಡಿಸಿಕೊಂಡೆ.
"ಬೆಂತು, ನನಗೆ ಹರ್ಪಿಸ್ ಇದೆ.
ತುಟಿಯದಲ್ಲ, ಕೆಳಗಿನದು. ಆರು ವರ್ಷವಾಯಿತು."

ಈ ಮಾತು ಹೇಳುತ್ತಿರುವುದು ಮೂರನೆಯ ಸಲ.
ಮೊದಲನೆಯವನು ಮಳೆ ಬಂತೆಂದು ಎದ್ದ. ಹೊರಗೆ ಬಿಸಿಲಿತ್ತು.
ಎರಡನೆಯವನು ತನ್ನ ಲೋಟ ಬೇರೆ ಇಟ್ಟುಕೊಂಡ.
ಲೋಟಕ್ಕೇನು ಗೊತ್ತು ಪಾಪ,
ಇದು ಚರ್ಮ ಚರ್ಮಕ್ಕೆ ಹೇಳುವ ಗುಟ್ಟು.

ನಾನು ಹಳೇ ಚರ್ಚುಗಳ ನೀಲಿ ಬಿಲ್ಲೆಗಳನ್ನು ಕಿತ್ತು, ತೊಳೆದು, ಮತ್ತೆ ಕೂರಿಸುವವಳು.
ನನಗೆ ಬರುವುದು ಗೋಡೆಯ ಮಾತು.
ಬೂದಿ ಮುಚ್ಚಿದ ಕೆಂಡ ಅನ್ನಬೇಡ ಇದನ್ನು, ಅಂದೆ,
ಕೆಂಡ ಒಂದಲ್ಲ ಒಂದು ದಿನ ಆರುತ್ತದೆ.
ಇದು ಗೋಡೆಯೊಳಗಿನ ಉಪ್ಪು.
ಬೆನ್ನಿನ ಬುಡದಲ್ಲಿ, ನರದ ಗಂಟಿನಲ್ಲಿ ಮುದುಡಿ ಮಲಗಿರುತ್ತದೆ.
ಎಂದೋ ಒಮ್ಮೆ ಬಿಲ್ಲೆಯ ಅಂಚಿಗೆ ಬಂದು ಅರಳುತ್ತದೆ,
ಕಾಣುತ್ತದೆ, ಉರಿಯುತ್ತದೆ, ಆಗ ದೂರ ಮಲಗಬೇಕು.
ಕಷ್ಟ ಅದಲ್ಲ.
ಕಷ್ಟ, ಹೊಳಪು ಹೊಳಪಾಗಿಯೇ ಇದ್ದು
ನೀಲಿ ನೀಲಿಯಾಗಿಯೇ ಇದ್ದು
ಬೆರಳಿಗೆ ಮಾತ್ರ ಉಪ್ಪು ಅಂಟುವ ದಿನ.
ಅಂಥ ದಿನಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತಿಲ್ಲ.

"ನೂರಕ್ಕೆ ಎಷ್ಟು?" ಅಂದ.
ಅಫುರಾದದ ಮೀನುದೋಣಿಗಳಿಗೆ ವಿಮೆ ಬರೆಯುವವನು.
ಸಿಟ್ಟು ಬಂತು. ನಾನೇನು ದೋಣಿಯೇ?
ಆದರೆ ಪೆನ್ನು ತೆಗೆದು, ಎಣ್ಣೆ ಕಲೆಗಳನ್ನು ತಪ್ಪಿಸಿ
ಆ ಕಾಗದದ ಮೇಲೆ ಚುಕ್ಕಿ ಇಡತೊಡಗಿದ್ದ,
ಒಂದು ಚುಕ್ಕಿ ಒಂದು ಜೋಡಿ, ಹತ್ತು ಸಾಲು, ಸಾಲಿಗೆ ಹತ್ತು.

ಡಾಕ್ಟರು ಹೇಳಿದ್ದನ್ನು ಒಪ್ಪಿಸಿದೆ.
ಹುಣ್ಣಿದ್ದಾಗ ದೂರವಿದ್ದರೂ, ವರ್ಷವೊಂದಕ್ಕೆ,
ಹೆಣ್ಣಿನಿಂದ ಗಂಡಿಗೆ ನಾಲ್ಕೋ ಐದೋ.
ಗಂಡಿನಿಂದ ಹೆಣ್ಣಿಗೆ ಸುಮಾರು ಅದರ ಎರಡರಷ್ಟು,
"ಅಲ್ಲೂ ಹೆಚ್ಚಿನ ಪಾಲು ನಮಗೇ." ಅವನು ನಗಲಿಲ್ಲ.
ದಿನಾ ಮಾತ್ರೆ ನುಂಗಿದರೆ ಅರ್ಧ.
ಕಾಂಡೋಮಿದ್ದರೆ ಇನ್ನಷ್ಟು ಇಳಿಯುತ್ತದೆ,
ಆದರೆ ಅದು ಮುಚ್ಚದ ಚರ್ಮವೂ ಚರ್ಮವೇ.

ನಾಲ್ಕು ಚುಕ್ಕಿಗೆ ಸುತ್ತು ಹಾಕಿದ. ಎರಡು ಹೊಡೆದುಹಾಕಿದ.
ಮೂರನೆಯದರ ಮೇಲೆ ಪೆನ್ನು ನಿಂತಿತು.
ಅರ್ಧ ಜೋಡಿಯನ್ನು ಬರೆಯುವುದು ಹೇಗೆ?
"ಸೊನ್ನೆ?"
"ಸೊನ್ನೆ ಇಲ್ಲ. ಸೊನ್ನೆಯೇ ಬೇಕಾದರೆ ನಾನಿಲ್ಲ."
"ನಾವು ಯಾವ ಚುಕ್ಕಿ?" ಕೇಳಿದೆ.
"ನಮ್ಮ ಕಚೇರಿಯಲ್ಲಿ ಯಾರೂ ಕೇಳಬಾರದ ಪ್ರಶ್ನೆ ಅದು.
ಮುಳುಗಿದ ದೋಣಿಗೆ ನೂರಕ್ಕೆ ನೂರು."
ಕಾಗದ ಹರಿದು, ಮಡಚಿ, ಜೇಬಿಗಿಟ್ಟು ಹೋದ.

ಒಂಬತ್ತು ದಿನ ಸುದ್ದಿಯಿಲ್ಲ.
ಒಂಬತ್ತು ದಿನ ನಾನು ಒಬ್ಬ ಸಂತನ ಮೊಣಕಾಲು ಅಂಟಿಸಿದೆ.

ಹತ್ತನೆಯ ದಿನ ಅಟ್ಟಣಿಗೆಯ ಕೆಳಗೆ ಬಂದು ನಿಂತ,
ಕೈಯಲ್ಲಿ ಬ್ರೆಡ್ಡು, ಕೆಳದುಟಿಯ ಮೂಲೆಯಲ್ಲಿ ನೀರುಗುಳ್ಳೆಗಳ ಗೊಂಚಲು.
"ಏನದು?"
"ಇದಾ? ಕಡಲ ಗಾಳಿಗೆ ಬರುತ್ತದೆ, ಹೋಗುತ್ತದೆ.
ಐದು ವರ್ಷದವನಿದ್ದಾಗ ಝುಲ್ಮೀರಾ ಅತ್ತೆ ಮುತ್ತು ಕೊಟ್ಟಾಗಿನಿಂದ."

ನಕ್ಕೆ. ನಕ್ಕ ರಭಸಕ್ಕೆ ಉಳಿ ಕೈಜಾರಿ ಗಾರೆಯ ಬಾನಿಗೆ ಬಿತ್ತು.
"ಅಯ್ಯೋ ಬೆಂತು, ಇದರ ಅಕ್ಕನೇ ಅದು! ಒಂದೇ ಮನೆತನ.
ಅಕ್ಕ ಮುಖದ ಮೇಲೆ ಕೂತಳು, ಯಾರೂ ಬೈಯಲಿಲ್ಲ,
ತಂಗಿ ಕೆಳಗೆ ಕೂತಳು, ಊರೆಲ್ಲ ಬೈದರು.
ನಿನ್ನ ತುಟಿ ಕೆಳಗಿಳಿದರೆ
ನಿನ್ನದೂ ನನಗೆ ದಾಟಬಹುದು, ಗೊತ್ತೇ?"

ಗೊತ್ತಿರಲಿಲ್ಲ. ಸುಣ್ಣದ ಚೀಲದ ಮೇಲೆ ಕುಸಿದು ಕೂತ.
ಎಷ್ಟು ಜನಕ್ಕೆ ಮುತ್ತು ಕೊಟ್ಟಿದ್ದೆ ಎಂದು
ಬೆರಳು ಮಡಚುತ್ತಿದ್ದನೋ ಏನೋ, ತುಟಿ ಅಲುಗುತ್ತಿತ್ತು.
ಆಮೇಲೆ ಜೇಬಿನಿಂದ ಆ ಕಾಗದ ತೆಗೆದ,
ಎಣ್ಣೆ ಕಲೆ ಒಣಗಿತ್ತು,
ಮಗುಚಿ, ನನ್ನ ನೀಲಿ ಪೆನ್ಸಿಲ್ ಕೇಳಿ ಪಡೆದ.
"ಇದಲೀನಾ, ಈ ಸಲ ನನ್ನಿಂದ ನಿನಗೆ. ನೂರಕ್ಕೆ ಎಷ್ಟು?"

ನನಗೆ ಆ ಲೆಕ್ಕ ತಿಳಿಯದು, ಅಂದೆ, ಕೇಳಿಕೊಂಡು ಬರೋಣ.
ಹಕ್ಕಳೆ ಉದುರುವ ತನಕ ಮುತ್ತಿಲ್ಲ.
ಬ್ರೆಡ್ಡು ಮುರಿದೆವು. ಮೊಣಕೈಗೆ ಮೊಣಕೈ ತಾಗಿತ್ತು.