ಬಲ ಹಿಮ್ಮಡಿಯ ಕೆಳಗೆ

ಹಳಿಯಾಳದ ಕಬ್ಬಿನ ಹೊಲದಲ್ಲಿ ಹದಿನೆಂಟು ವರ್ಷ ದುಡಿದು
ಅರಬೈಲು ಘಟ್ಟ ಇಳಿದು
ಕುಮಟೆಯ ಗಜನಿಗೆ ಬಂದ ಟ್ರ್ಯಾಕ್ಟರು.
ಜೊತೆಗೆ ಪುಸ್ತಕ ಇರಲಿಲ್ಲ.
ಸೀಟಿನ ಬಲಕ್ಕೆ ಎರಡು ಲಿವರ್.
ಒಂದರ ಪಕ್ಕದ ಅಕ್ಷರವನ್ನು ಬೆವರು ತಿಂದಿದೆ,
ಇನ್ನೊಂದರದನ್ನು ತುಕ್ಕು.

ಮಾರಿದವನಿಗೆ ಫೋನು ಮಾಡಿ ಕೇಳಿದೆ.
"ಒಂದು ಎತ್ತಾಕ್ರೀ. ಇನ್ನೊಂದು... ಮುಟ್ಟಬ್ಯಾಡ್ರಿ."

ಹದಿನೆಂಟು ವರ್ಷ ಯಾರೂ ಮುಟ್ಟದ ಲಿವರು!
ಡೀಸೆಲ್ ಬಿಟ್ಟು ರಾತ್ರಿಯಿಡೀ ನೆನೆಸಿಟ್ಟೆ.
ಬೆಳಿಗ್ಗೆ ಒಂಚೂರು ಅಲುಗಿತು,
ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ.

ಇನಾಸ ಮೇಸ್ತ್ರಿ ದೋಣಿ ಇಂಜಿನ್ನಿನವ.
ಸೀಟು ಹತ್ತಿ ಕೂತು, ಬೀಡಿ ಹಚ್ಚಿ,
ನೇಗಿಲನ್ನು ಮೂರು ಸಲ ಏರಿಸಿ ಇಳಿಸಿ ನೋಡಿ ಹೇಳಿದ:
"ಇದು ಇಟ್ಟಲ್ಲಿ ನಿಲ್ಲೂದು, ಬಾಯಿ.
ಮೊಣಕಾಲೆತ್ತರ ಅಂದ್ರೆ ಮೊಣಕಾಲೆತ್ತರ,
ನೆಲ ಏನು ಕೂಗಿದ್ರೂ ಕೇಳೂದಿಲ್ಲ.
ಅದು ಕೇಳೂದು.
ಮಣ್ಣು ಬಿಗಿಯಾಗಿ ಹಿಡಿದ್ರೆ ಮೇಲಿನ ಸ್ಪ್ರಿಂಗು ಒತ್ತಿ
ಎಣ್ಣೆಗೆ ಸುದ್ದಿ ಮುಟ್ತದೆ,
ನೇಗಿಲು ತಾನೇ ಒಂದಂಗುಲ ಏಳ್ತದೆ.
ಸಡಿಲಾದ್ರೆ ಮತ್ತೆ ಇಳೀತದೆ."

ನಮ್ಮ ಗಜನಿಯಲ್ಲಿ ಹತ್ತು ಮಾರಿಗೊಂದು ಮಣ್ಣು:
ಇಲ್ಲಿ ಉಪ್ಪೊಡೆದು ಹಪ್ಪಳವಾದ ಜೇಡಿ,
ಅಲ್ಲಿ ಬಳಚಿನ ಚಿಪ್ಪಿನ ಪದರ,
ಆಚೆ ಸಿಗಡಿ ಕೆರೆ ತೂರ್ತುಮಾಡಿದ ಕಲಸುಮೇಲೋಗರ.
ಕಗ್ಗ ಬಿತ್ತಬೇಕಾದದ್ದು ಇದರಲ್ಲಿಯೇ.
ಕೇಳುವ ಲಿವರನ್ನು ಬಿಟ್ಟು
ಇಷ್ಟು ವರ್ಷ ಹೇಗೆ ಉತ್ತನೋ ಪುಣ್ಯಾತ್ಮ!

ಮಗಳ ಉಗುರುಬಣ್ಣದಲ್ಲಿ ಬರೆದೆ:
ಒಂದಕ್ಕೆ 'ನಿಲ್ಲು', ಇನ್ನೊಂದಕ್ಕೆ 'ಕೇಳು'.
ಬಲ ಹಿಮ್ಮಡಿಯ ಕೆಳಗೊಂದು ಸಣ್ಣ ಪೆಡಲು ಇದೆ,
ಅದಕ್ಕೆ ಏನೂ ಬರೆಯಲಿಲ್ಲ.
ಹಿಮ್ಮಡಿಗೆ ಓದು ಬಾರದು.

ಅದರ ಪಾಠ ಬೇರೆ ದಿನ ಆಯಿತು.
ಜಂತ್ರಡಿಯ ಹಲಗೆ ಸೋರಿ ಭರತದ ನೀರು ಒಳಬಂದ ದಿನ
ಎಡಗಾಲಿ ಒಣ ನೆಲದಲ್ಲಿ ಗೂಟದಂತೆ ನಿಂತಿತ್ತು,
ಬಲಗಾಲಿ ಮಜ್ಜಿಗೆ ಕಡೆಯುತ್ತಿತ್ತು.
ಹೆಚ್ಚು ಗ್ಯಾಸು ಕೊಟ್ಟಷ್ಟೂ ಹೆಚ್ಚು ಮಜ್ಜಿಗೆ.

ಇನಾಸ ಹೇಳಿದ್ದ: "ತಿರುವಿನಾಗೆ ಹೊರಗಿನ ಗಾಲಿಗೆ ದಾರಿ ಉದ್ದ.
ಅದು ಓಡ್ಲಿ ಅಂತ ಒಳಗಿನದು ಸಾವಕಾಶ ಆಗ್ತದೆ.
ಅದು ಮರ್ಯಾದೆ.
ಕೆಸರಿನಾಗೆ ಅದೇ ಮರ್ಯಾದೆ ಮುಳುಗಿಸ್ತದೆ,
ಜಾರುವವನಿಗೇ ಎಲ್ಲ ಸುತ್ತು."
ಸಂಸಾರದಲ್ಲಿಯೂ ಹಾಗೇ ಎಂದು ಶುರು ಮಾಡಿದ.
ಸಂಸಾರ ಇರಲಿ ಮೇಸ್ತ್ರಿ, ಪೆಡಲು ಹೇಳು ಎಂದಿದ್ದೆ.

ಕ್ಲಚ್ಚು ಒತ್ತಿದೆ. ಗಾಲಿ ನಿಂತಿತು.
ಹಿಮ್ಮಡಿ ಊರಿದೆ. ಒಳಗೆಲ್ಲೋ ಟಣ್ ಎಂದಿತು.
ನಿಧಾನ ಬಿಟ್ಟೆ ಕ್ಲಚ್ಚು.
ಎರಡೂ ಗಾಲಿ ಒಂದೇ ಉಸಿರಿಗೆ ತಿರುಗಿ
ಇಂಜಿನ್ನು ಗೊಗ್ಗರು ದನಿಯಲ್ಲಿ ಕೆಮ್ಮಿ
ಕೆಸರು ನನ್ನನ್ನು ಉಗಿದು ಬಿಟ್ಟಿತು.

ಆದರೆ ಸೀದಾ.
ಬೀಗ ಬಿದ್ದಾಗ ತಿರುಗಿಸಬಾರದು, ಹಲ್ಲು ಮುರಿಯುತ್ತದೆ.
ಎದುರಿಗೆ ತುಳಸು ಪಟಗಾರನ ಗದ್ದೆ,
ಜಂತ್ರಡಿ ಜಗಳದಿಂದ ಮೂರು ವರ್ಷ ನಮಗೆ ಮಾತಿಲ್ಲ.
ಹಿಮ್ಮಡಿ ಎತ್ತಿದೆ. ಬಿಡಲಿಲ್ಲ.
ಹಲ್ಲಿನ ಮೇಲೆ ಭಾರ ಇರುವ ತನಕ
ಬಿಡುವುದಿಲ್ಲವಂತೆ ಅದು.
ಇದನ್ನು ಇನಾಸ ಹೇಳಿರಲಿಲ್ಲ.
ನೇಗಿಲು ಎತ್ತಲು ಕೈ ಹೋಯಿತು,
ಹೋದದ್ದು 'ಕೇಳು' ಲಿವರಿಗೆ.

ಹೀಗೆ ನಾನು
ಹಾಳೆ ದಾಟಿ, ನೇಗಿಲು ಊರಿಕೊಂಡು,
ನಾಲ್ಕು ಮಾರು ಅವನ ಗದ್ದೆಯನ್ನೂ ಉತ್ತು
ಕ್ಲಚ್ಚು ಒತ್ತಿ ನಿಂತೆ. ಟಣ್.
ಬೀಗ ಈಗ ಬಿಟ್ಟಿತು.

ತುಳಸು ಬಂದ. ಸಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು
ಬೆರಳು ಇಳಿಸಿ ಆಳ ನೋಡಿದ.
ಬೆರಳನ್ನು ಪಂಚೆಗೆ ಒರೆಸಿಕೊಂಡ.
ನನ್ನನ್ನಲ್ಲ, ಟ್ರ್ಯಾಕ್ಟರನ್ನು ನೋಡಿ ಕೇಳಿದ:

"ಉಳಿದದ್ದಕ್ಕೆ ತಾಸಿಗೆಷ್ಟು?"