ಪೆನ್ಸಿಲ್ ಗೆರೆ

ಪಾಂಡವಪುರದ ದಾರಿಯಲ್ಲಿ, ನಾಲೆ ತಿರುಗುವ ಕಡೆ,
ಬಂಕಿನ ಕಾಂಕ್ರೀಟು ಒಡೆದು ಎದೆಮಟ್ಟ ಇಳಿದಿದ್ದೇವೆ
ನಾನು, ಅನ್ಸರ್, ಮತ್ತೆ ಹೊಸ ಹುಡುಗ ಚೆಲುವ.
ಮಣ್ಣು ಇನ್ನೂ ಪೆಟ್ರೋಲು ನಾರುತ್ತಿದೆ.
ಹಳೇ ಪೈಪು ಎತ್ತಿದಾಗ ಸಿಕ್ಕ ತೂತು
ರಾಗಿಕಾಳಿನಷ್ಟೂ ಇರಲಿಲ್ಲ.

ಈಗಿನದು ಪೈಪಿನೊಳಗೊಂದು ಪೈಪು.
ಒಳಗಿನದರಲ್ಲಿ ಎಣ್ಣೆ; ನಡುವಿನ ಸಂದಿಯಲ್ಲಿ
ಹಸಿರು ಬಣ್ಣ ಬೆರೆಸಿದ ಉಪ್ಪುನೀರು.
ಸಂದಿಯ ಮೇಲುತುದಿಗೆ ನಳಿಗೆ, ನಳಿಗೆಯ ಮೇಲೆ
ಉಪ್ಪಿನಕಾಯಿ ಭರಣಿಯಷ್ಟು ಡಬ್ಬಿ,
ಡಬ್ಬಿಯೊಳಗೆ ತೇಲುವ ಒಂದು ಗುಂಡು.
ನೀರಿಳಿದರೆ ಗುಂಡು ಇಳಿಯುತ್ತದೆ,
ಗುಂಡಿಳಿದರೆ ಆಫೀಸಿನಲ್ಲಿ ಗಂಟೆ.
ಇಷ್ಟೇ. ಇಷ್ಟಕ್ಕೆ ಎಂಟು ದಿನದ ಕೆಲಸ.

ಎದುರಿನ ಟೀ ಅಂಗಡಿ ಕೆಂಪಾಜಮ್ಮ
ಗುಂಡಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು ಕೇಳಿದಳು:
'ಎಲ್ಡು ವರ್ಸ ನನ್ ಬಾವಿ ನೀರು ನಾರ್ತದೆ ಅಂತ ಬಡ್ಕಂಡೆ.
ಯಾರೂ ನಂಬ್ನಿಲ್ಲ.
ಮೂಗು ಕೆಟ್ಟೋಗದೆ ಕಣಮ್ಮಿ ಅಂದ್ರು.
ಈ ಡಬ್ಬಿ ಯೋಳುದ್ರೆ ನಂಬ್ತಾರಾ?'
ನಂಬ್ತಾರೆ ಅಂದೆ. ಕಂಪನಿಯ ಡಬ್ಬಿ.
ಅವಳು ಎಲೆಯಡಿಕೆ ಉಗಿದು ಎದ್ದುಹೋದಳು.

ಗುಂಡಿ ಮುಚ್ಚಿದ ರಾತ್ರಿಯೇ, ಎರಡೂವರೆಗೆ, ಗಂಟೆ.
ಟೈರ್ ಅಂಗಡಿಯ ಜಗುಲಿಯಿಂದ ಎದ್ದು ಓಡಿದೆವು.
ತಲುಪುವಷ್ಟರಲ್ಲಿ ನೈಟ್ ಶಿಫ್ಟಿನ ಹುಡುಗ
ಅದರ ಬಾಯಿಗೆ ಒರೆಸುಬಟ್ಟೆ ತುರುಕಿ ಮತ್ತೆ ಮಲಗಿದ್ದ.
ನೀರು ಎರಡು ಬೆರಳು ಕೆಳಗೆ.
ಅನ್ಸರ್ ಮಾತಾಡಲಿಲ್ಲ. ಬಿಲ್ಲು, ಇಂಜಿನಿಯರು, ಮತ್ತೆ ಅಗೆತ
ಎಲ್ಲ ಟಾರ್ಚಿನ ಬೆಳಕಲ್ಲಿ ಅವನ ಮುಖದ ಮೇಲೆ ಓಡಿತು.
ಗಾಳಿಯಿರಬೇಕು, ಅಂದೆ. ಸಂದಿಯಲ್ಲಿ ಸಿಕ್ಕ ಗುಳ್ಳೆ
ಮೇಲೆ ಬಂದರೆ ಅಷ್ಟು ಜಾಗಕ್ಕೆ ನೀರಿಳಿಯುತ್ತದೆ.
ಇರಬೇಕು.
ಹಾಗಂದುಕೊಂಡೇ ತುಂಬಿಸಿದೆವು,
ಡಬ್ಬಿಯ ಮೈಗೆ ಪೆನ್ಸಿಲಿನಲ್ಲೊಂದು ಗೆರೆ ಎಳೆದು.

ಮೂರು ರಾತ್ರಿ ಮುಚ್ಚಳದ ಪಕ್ಕ ಚಾಪೆ ಹಾಕಿದೆ.
ಕಬ್ಬಿನ ಲಾರಿಗಳು ಕಿವಿಯೊಳಗೇ ಹೋದವು.
ಆಗಾಗ ಎದ್ದು ನೋಡುವುದು: ಗೆರೆ, ನೀರು. ನೀರು, ಗೆರೆ.
ಮೊದಲ ರಾತ್ರಿ ಕೂದಲೆಳೆಯಷ್ಟು ಇಳಿಯಿತು.
ಆಮೇಲೆ ಇಲ್ಲ.

ನಾಲ್ಕನೇ ಬೆಳಿಗ್ಗೆ ಸಾಮಾನು ಕಟ್ಟಿ
ಕೆಂಪಾಜಮ್ಮನಿಗೆ ಹೋಗಿ ಹೇಳಿದೆ, ನಿಂತಿದೆ ಅಂತ.
'ಸರಿ ಬುಡು' ಅಂದಳು. ಕುಡಿಯಲು ನೀರು ಕೇಳಿದೆ.
ಬಾವಿಗೆ ಚಪ್ಪಡಿ ಎಳೆದು ಎಷ್ಟೋ ಕಾಲ,
ಈಗ ಕೊಡದಲ್ಲಿರುವುದು ನಲ್ಲಿಯ ನೀರು;
ಆದರೂ ಲೋಟ ಅದ್ದಿ ತೆಗೆದು
ಮೂಗಿನ ಹತ್ತಿರ ಹಿಡಿದು ಒಮ್ಮೆ ಉಸಿರೆಳೆದು
ಆಮೇಲೆ ಕೊಟ್ಟಳು.