ಏಳನೇ ಹಲಗೆ

ಉಪ್ಪಳದಲ್ಲಿ ರೈಲು ಹಳಿಯಿಂದ ಪಡುವಕ್ಕೆ,
ಉಪ್ಪುಗಾಳಿ ನೇರ ಬಂದು ಬಡಿಯುವಲ್ಲಿ,
ಶಮೀನಾ ಇಂಜಿನಿಯರಮ್ಮ ಕಟ್ಟಿಸಿದ ಮನೆಗೆ
ಸೆಂಟ್ರಿಂಗ್ ಹೊಡೆದದ್ದು ನಾನು.

ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ
ಇದೇ ರಸ್ತೆಯ ಮನೆಗಳ ದಾರಂದದಲ್ಲಿ
ಬಳ್ಳಿ, ಗಿಳಿ, ದ್ರಾಕ್ಷಿ ಗೊಂಚಲು ಕೆತ್ತಿದವನು.
ದುಬಾಯಿ ದುಡ್ಡಿಗೆ ದ್ರಾಕ್ಷಿಯೆಂದರೆ ಆಸೆ.

ಅವಳು ನಕ್ಷೆ ಬಿಡಿಸಿ ಹೇಳಿದಳು:
"ಬಳ್ಳಿ ಬೇಡ. ಗಾರೆ ಬೇಡ. ಪೈಂಟು ಬೇಡ.
ಮುರಕಲ್ಲು ಮುರಕಲ್ಲಾಗಿಯೇ ಕಾಣಲಿ,
ಕಾಂಕ್ರೀಟು ಕಾಂಕ್ರೀಟಾಗಿ."
ಜನ ದುಡ್ಡು ಮುಗಿಯಿತು ಅಂತಾರೆ, ಅಂದೆ.
"ಅನ್ನಲಿ ಬಿಡಿ ಆಚಾರಿ. ಹಲಗೆಯಲ್ಲಿ ಗಂಟು ಉಂಟಾ?"
ಉಂಟು, ಮಾವಿನದ್ದಲ್ವಾ.
"ಗಂಟಿನ ಕಡೆಯೇ ಒಳಗೆ ಕೊಡಿ."

ಹತ್ತೊಂಬತ್ತು ಹಲಗೆ, ಒಂದರ ಪಕ್ಕ ಒಂದು.
ಅಪ್ಪನ ರೂಢಿಯಂತೆ ಉಳಿಯಲ್ಲಿ ಕನ್ನಡದ ಅಂಕೆ ಕೊರೆದು
ಅದು ಬೆನ್ನಿಗೆ ಬರುವಂತೆ ನಿಲ್ಲಿಸಿದ್ದೆ.
ಏಳನೆಯದು ಮಾತ್ರ,
ಚಾ ಬಂದ ಗಡಿಬಿಡಿಯಲ್ಲಿ, ಮಗುಚಿತ್ತು.

ಎಂಟನೇ ದಿನ ಬಿಚ್ಚಿದೆವು.
ಗೋಡೆಯ ತುಂಬ ಮರದ ನರ,
ನಾನು ಒಮ್ಮೆಯೂ ಕೆತ್ತಲಾರದಷ್ಟು ಸಣ್ಣ.
ನಡುವೆ, ಎದೆಯೆತ್ತರದಲ್ಲಿ, ಉಬ್ಬಿ ನಿಂತ ೭,
ಕನ್ನಡಿಯಲ್ಲಿ ಕಂಡಂತೆ ತಿರುಗಿ.
ಬಂಗಾಳದ ಹುಡುಗ ನಮ್ಮದಲ್ಲ ಅಂದ.
ಮೇಸ್ತ್ರಿ ಕುಂಞಿರಾಮ ಮಲಯಾಳವೂ ಅಲ್ಲ ಅಂದ.
ನನಗೇ ಒಂದು ಕ್ಷಣ ಓದಲು ಬರಲಿಲ್ಲ.
ಕೆರೆದು ತೆಗೆಯೋಣ ಅಂತ ಉಳಿ ತಂದೆ.
ಅವಳು ಕೈ ಅಡ್ಡ ಹಿಡಿದಳು.

ಒಳಗೆ ಶೋಕೇಸಿಲ್ಲ, ಪರದೆಯಿಲ್ಲ.
ಒಂದು ಕಲ್ಲಿನ ಜಗಲಿ, ಒಂದು ಕಿಟಕಿ,
ಕಿಟಕಿಯಿಂದ ಬಂದು ಕೂತು ಹೋಗುವ ಬಿಸಿಲು.
ಬೇಡದ್ದೆಲ್ಲ ತೆಗೆದ ಮೇಲೆ ಉಳಿಯುವುದೇ ಮನೆ,
ಇದು ಅವಳ ಲೆಕ್ಕ.
ಉಮ್ಮ ಬೀಫಾತಿಮನ ಕೈಯಲ್ಲಿ
ಗಂಡ ಶಾರ್ಜದಿಂದ ತಂದ ಗಾಜಿನ ಕುದುರೆ.
"ಇದು ಬೇಡದ್ದಾ? ಎಲ್ಲಿಡಲಿ, ಹೇಳು."
ಯಾರೂ ಹೇಳಲಿಲ್ಲ.

ಬಿಜಾಗರಿಗೆ ಎಣ್ಣೆ ಬಿಡಲು ಹೋದಾಗೆಲ್ಲ ನೋಡುತ್ತೇನೆ:
ಒಂದು ದಿನ ಏಳರ ಕೆಳಗೆ, ಜಗಲಿಯಲ್ಲಿ, ಕುದುರೆ ಉಂಟು.
ಒಂದು ದಿನ ಇಲ್ಲ.
ಯಾರು ಇಡುತ್ತಾರೆ, ಯಾರು ತೆಗೆಯುತ್ತಾರೆ,
ಕೇಳುವ ಕೆಲಸ ನನ್ನದಲ್ಲ.

ಹಲಗೆಗಳನ್ನು ನನಗೇ ಕೊಟ್ಟಿದ್ದರು.
ಸಿಮೆಂಟು ಕುಡಿದ ಮರ, ಹೊಗೆಯೇ ಹೆಚ್ಚು.
ಆಟಿ ತಿಂಗಳಲ್ಲಿ ಒಂದೊಂದಾಗಿ ಬಚ್ಚಲೊಲೆಗೆ ಹಾಕಿದೆ.
ಏಳನೆಯದೂ ಹೋಯಿತು, ಯಾವತ್ತು ಅಂತ ನೆನಪಿಲ್ಲ.
ನೀರು ಚೆನ್ನಾಗಿ ಕಾದಿತ್ತು.